ಐದು ಬೆರಳಿನ ಎಲೆ

ಇವತ್ತು ಬೆಳಿಗ್ಗೆ ಬನ್ನೂರಿನಲ್ಲಿ, ರೇಷ್ಮೆ ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ತುಂಬಿದ್ದ ಗೂಡ್ಸ್ ಆಟೋದಿಂದ ಒಂದು ಎಲೆ ನನ್ನ ಅವ್ವನ ಕಾಲ ಬಳಿ ಬಿತ್ತು. ಐದು ಸೀಳಿನ ಎಲೆ.

ನಮ್ಮ ಹಿತ್ತಲಲ್ಲೂ ಒಂದು ಹಿಪ್ಪುನೇರಳೆ ಮರವಿತ್ತು. ಹೊಲದ ಹಿಪ್ಪುನೇರಳೆ ಗಿಡಗಳ ಎಲೆ ವೀಳ್ಯದೆಲೆಯಂತೆ ಇಡಿಯಾಗಿದ್ದರೆ, ಇದರ ಎಲೆ ಮಾತ್ರ ಪುಟ್ಟ ಅಂಗೈಯಂತೆ ಸೀಳಿಕೊಂಡಿರುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ಮನೆಯ ರೇಷ್ಮೆ ಹುಳುಗಳಿಗೆಂದು ಅದರದ್ದೊಂದು ಎಲೆ ಕಿತ್ತೆ. ತೊಟ್ಟಿನಿಂದ ಬೆಳ್ಳಗೆ ಹಾಲು ಒಸರಿತು. ಅಜ್ಜಿ ನನ್ನ ಕೈ ಹಿಡಿದುಕೊಂಡಳು.

"ಅದ್ರದ್ದು ಕೀಳ್ಬ್ಯಾಡ ಕಣವ್ವ. ನಿಮ್ಮವ್ವನ ಮೊದಲ್ನೇ ಕೂಸ ಅಲ್ಲೇ ಮಣ್ ಮಾಡಿದ್ದು. ಗುರ್ತಿಗೆ ಅಂತ ನಿಮ್ಮಜ್ಜ ನೆಟ್ಟಿದ್ ಕಡ್ಡಿ ಚಿಗುರ್ಕಂಡ್ಬುಡ್ತು."

ಹಿಪ್ಪುನೇರಳೆಯಲ್ಲಿ ಎರಡೂ ಬಗೆಯ ಎಲೆ ಬರುತ್ತದೆ, ಆ ಹಾಲು ಬರೀ ಸೊನೆ ಎಂದು ಆಮೇಲೆ ಶಾಲೆಯಲ್ಲಿ ಕಲಿತೆ. ಅದನ್ನು ಅವ್ವನಿಗೆ ಯಾವತ್ತೂ ಹೇಳಲಿಲ್ಲ.

ಇವತ್ತು ಅವ್ವ ಬಗ್ಗಿ ಆ ಎಲೆಯನ್ನು ಎತ್ತಿಕೊಂಡಳು. ತೊಟ್ಟಿನ ಹಾಲನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು, ಕೂಸಿನ ಬಾಯಿ ಒರೆಸುವ ಹಾಗೆ.