ನೆತ್ತಿಗಲ್ಲು ನೋಡಲು ಮೆದಕಿಗೆ

ಮೊನ್ನೆ ಎದುರುಮನೆಯವರು ಸುಣ್ಣ ನೆನೆಸಿದ್ದರು. ಗಂಟಲು ಕೆರೆಯುವ ಆ ಬಿಸಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ಬೀದರಿನ ಮೈಲೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಗೌಂಡಿ ಚಾಚಾ ನೆನಪಾದರು. ಅವರು ಹುಟ್ಟಿದ್ದು ಅಷ್ಟೂರಿನಲ್ಲಿ, ಸುಲ್ತಾನರ ಗುಮ್ಮಟಗಳ ನೆರಳಲ್ಲಿ. ಕಲ್ಲು ಕೆತ್ತುವುದು, ಗೋಡೆ ಕಟ್ಟುವುದು ಬಿಟ್ಟರೆ ಬೇರೇನೂ ತಿಳಿಯದ ಮನುಷ್ಯ.

ಆಗ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಭಾಲ್ಕಿಯ ಶಾಲೆಯಲ್ಲಿ ಹೊಸ ಮಾಸ್ತರ, ರಜೆಗೆ ಮನೆಗೆ ಬಂದಿದ್ದೆ. ಚಾಚಾ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. “ಬೇಟಾ, ನಮ್ಮ ಜೋಡಿ ಇದ್ದ ಮೆದಕ ಆಂಧ್ರಕ್ಕ ಹೋಯ್ತಂತ. ನನ್ನ ಕಣ್ಣಾಗ ಪೊರಿ ಬೆಳದದ. ಒಂದ್ಸಲ ಅಲ್ಲಿನ ಚರ್ಚ್ ತೋರ್ಸಿಕೊಂಡು ಬರ್ತಿಯೇನು?”

ಹರೆಯದಲ್ಲಿ ಅವರು ಆ ಚರ್ಚು ಕಟ್ಟುವ ಕೆಲಸಕ್ಕೆ ಹೋಗಿದ್ದರಂತೆ. ಒಂದು ಬಾಗಿಲ ಕಮಾನಿನ ನೆತ್ತಿಗೆ ಕೊನೆಯ ಕಲ್ಲು ಕೂಡಿಸಿದ ದಿನವೇ ತಾಯಿಯ ಕಾಯಿಲೆಯ ಸುದ್ದಿ ಬಂತು. ಕಲ್ಲಿನಲ್ಲಿ ಕೂದಲೆಳೆಯಂಥ ಕರಿ ಗೆರೆಯಿತ್ತು. ಸೀಳಿರಬಹುದೆಂದು ಮೇಲ್ವಿಚಾರಕ ಮುಖ ಗಂಟಿಕ್ಕಿದ್ದ. ಕಲ್ಲು ಭಾರ ತಾಳುತ್ತದೋ ಇಲ್ಲವೋ ಗೊತ್ತಾಗುವುದು ಕಮಾನಿನಡಿಯ ಕಟ್ಟಿಗೆಯ ಆಸರೆ ಬಿಚ್ಚಿದಾಗ. ಅದಕ್ಕೂ ಮೊದಲೇ ಚಾಚಾ ಊರಿಗೆ ಹೊರಟರು. ತಾಯಿ ಉಳಿಯಲಿಲ್ಲ. ಇವರು ಮತ್ತೆ ಅತ್ತ ಹೋಗಲಿಲ್ಲ...

“ಚರ್ಚ್ ನಿಂತದ, ಕೇಳೀನಿ. ನನ್ನ ಕಲ್ಲು ಉಳದದೋ, ತೆಗೆದು ಒಗದಾರೋ, ಯಾರಿಗಿ ಗೊತ್ತು?”

ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ಹೋದೆವು. ಹೊಲಗಳ ಆಚೆ, ಬಹಳ ದೂರದಿಂದಲೇ ಗೋಪುರ ಕಾಣಿಸಿತು. ಒಳಗೆ ಕಾಲಿಟ್ಟು ತಲೆ ಎತ್ತಿದೆ. ಕಂಬಗಳು ಏರಿ ಏರಿ, ಎಷ್ಟೋ ಎತ್ತರದಲ್ಲಿ ಮುಗಿದ ಕೈಗಳಂತೆ ಕೂಡಿದ್ದವು. ಬಣ್ಣದ ಗಾಜಿನಿಂದ ಇಳಿದ ಬಿಸಿಲು ಚಾಚಾರ ಬಿಳಿ ಜುಬ್ಬದ ಮೇಲೆ ಕೆಂಪಾಗಿ, ನೀಲಿಯಾಗಿ ಬಿತ್ತು. ಗಾಜಿನ ಚಿತ್ರಗಳು ಅವರಿಗೆ ಕಾಣಲಿಲ್ಲ. ಅಂಗೈ ಚಾಚಿ ಬಣ್ಣವನ್ನಷ್ಟೇ ನೋಡುತ್ತ ನಿಂತರು.

ಚರ್ಚು ತೋರಿಸುವ ಹಿರಿಯರೊಬ್ಬರು ಉದ್ದನೆಯ ಬೆತ್ತ ಎತ್ತಿ, ಬಂದಿದ್ದ ಏಳೆಂಟು ಜನಕ್ಕೆ ತೆಲುಗಿನಲ್ಲೂ ದಖ್ಖನಿ ಉರ್ದುವಿನಲ್ಲೂ ವಿವರಿಸುತ್ತಿದ್ದರು. ಇದು ವಿಲಾಯತಿಯ ಗಾಥಿಕ್ ಪದ್ಧತಿ, ಇಂಥ ಚೂಪು ಕಮಾನು ನಮ್ಮ ಕೆಲಸಗಾರರಿಗೆ ಹೊಸದು ಎಂದರು. ಚಾಚಾ ಮೆಲ್ಲಗೆ ದಖ್ಖನಿಯಲ್ಲೇ, ಅಷ್ಟೂರಿನ ಗುಮ್ಮಟಗಳ ಕಮಾನೂ ಚೂಪೇ, ಅದನ್ನು ಬಲ್ಲವರೆಂದೇ ತಮ್ಮನ್ನು ಇಲ್ಲಿ ಕೆಲಸಕ್ಕೆ ಇಟ್ಟುಕೊಂಡಿದ್ದರು ಎಂದರು.

ಆ ಹಿರಿಯರು ಬೆತ್ತ ಇಳಿಸಿದರು. “ಆಪ್ ಬನಾಯೇ ಕ್ಯಾ, ಬಡೇ ಮಿಯಾ?” ನೀವು ಕಟ್ಟಿದಿರಾ ಎಂದು ಕೇಳಿ, ಬೆತ್ತವನ್ನು ಚಾಚಾರ ಕೈಗೇ ಕೊಟ್ಟುಬಿಟ್ಟರು.

ಮುಂದೆ ತೋರಿಸಿದವರು ಚಾಚಾ, ಹಿಂದೆ ನಡೆದವರು ನಾವೆಲ್ಲ. ಒಂದು ಕೈಯಿಂದ ಗೋಡೆ ಸವರುತ್ತ, ಕಂಬಗಳನ್ನು ಎಣಿಸುತ್ತ ಪಕ್ಕದ ಬಾಗಿಲೊಂದರ ಬಳಿ ನಿಂತರು.

“ಮ್ಯಾಲ ನೋಡು ಬೇಟಾ. ನೆತ್ತಿಗಲ್ಲಿನ ಎಡಕ್ಕ ಕರೀ ಗೆರಿ ಅದೇನು? ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ.”

ನೋಡಿದೆ. ಮೊದಲು ಏನೂ ಕಾಣಲಿಲ್ಲ. ಏನು ಹೇಳಲಿ ಇವರಿಗೆ... ಒಂದು ಹೆಜ್ಜೆ ಸರಿದು ನೋಡಿದಾಗ ಕಂಡಿತು, ಕೂದಲೆಳೆಯಷ್ಟು.

“ಅದರಿ ಚಾಚಾ. ಹಾಂಗೇ ಅದ.”

ಅವರು ಎರಡೂ ಅಂಗೈಯನ್ನು ಬಾಗಿಲ ಪಕ್ಕದ ಕಲ್ಲಿಗೆ ಊರಿ ನಿಂತರು. “ಇಷ್ಟು ವರ್ಷ ಹೊತ್ತು ನಿಂತದ ನೋಡು,” ಎಂದರು.

ಹೊರಡುವಾಗ ಆ ಹಿರಿಯರು ಬಂದುಹೋದವರ ಪುಸ್ತಕ ಮುಂದಿಟ್ಟರು. ಚಾಚಾರಿಗೆ ಬರೆಯಲು ಬರುತ್ತಿರಲಿಲ್ಲ. ನಾನೇ ಕನ್ನಡದಲ್ಲಿ, ‘ಬೀದರಿನಿಂದ ಇಬ್ಬರು ಬಂದು ನೋಡಿದೆವು’ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಓದಿ ಹೇಳಿದಾಗ ಅವರು ಚಲೋ ಆಯ್ತು ಎಂದರು.

ಎರಡು ವರ್ಷಕ್ಕೆ ಅವರ ಕಣ್ಣು ಪೂರ್ತಿ ಹೋಯಿತು. ಆಮೇಲೆ ಅವರೂ ಹೋದರು. ಈಗ ನನಗೂ ವಯಸ್ಸಾಗಿದೆ. ಮೆದಕಿಗೆ ಮತ್ತೆ ಹೋಗುವುದಾಗಲಿಲ್ಲ, ಆ ಪುಸ್ತಕವೂ ಇಷ್ಟೊತ್ತಿಗೆ ಗೆದ್ದಲಿಗೆ ಸಿಕ್ಕಿರಬೇಕು. ಅಂದು ನಾನು ಬರೆದದ್ದು ತಪ್ಪು. ನೋಡಿದವನು ನಾನೊಬ್ಬನೇ, ಅವರು ಕಟ್ಟಿದವರು... ಅದನ್ನು ಬರೆಯಲು ಒಂದೇ ಸಾಲು ಸಾಕಿತ್ತು.