ನಿಂತ ಮೇಲೂ ಕೇಳಿದ ಹಲಗಿ

ಖಾನಾಪುರದಿಂದ ಗುಂಜಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಭತ್ತ ಕೊಯ್ದು ಖಾಲಿಯಾಗಿದ್ದ ಒಂದು ಗದ್ದೆಯಲ್ಲಿ ಕುಸ್ತಿಯ ಕಣ ಮಾಡಿದ್ದರು. ನಾನು ನಿಂತಿದ್ದದ್ದು ಅದರ ಪೂರ್ವದ ಅಂಚಿನಲ್ಲಿ, ಸುತ್ತಲೂ ಕಟ್ಟಿದ್ದ ಹಗ್ಗ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಹಲಗಿ ಎಂಬ ಚರ್ಮವಾದ್ಯ ಬಾರಿಸುವ ಯಲ್ಲಪ್ಪ ನನ್ನ ಎಡಗಡೆ ಇದ್ದ. ಕೈ ಚಾಚಿದರೆ ಅವನ ಭುಜ ಸಿಗುತ್ತಿತ್ತು. ದೀಪಾವಳಿ ಕಳೆದಿತ್ತು. ಸಂಜೆಯಾಗಿತ್ತು, ಆದರೆ ಹೊತ್ತು ಮುಳುಗಿರಲಿಲ್ಲ. ಆಚೆ ಬದಿ ಕೂತಿದ್ದವರ ಮುಖಗಳೂ ಗುರುತು ಸಿಗುವಷ್ಟು ಬೆಳಕಿತ್ತು. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು, ನಾನು ಕತ್ತಲಲ್ಲಿ ಅಥವಾ ದೂರದಿಂದ ಕಂಡದ್ದನ್ನು ಬರೆಯುತ್ತಿಲ್ಲ ಎಂಬುದು ಓದುವವರಿಗೆ ತಿಳಿದಿರಲಿ ಎಂದು.

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ನಂಬದಿರುವುದು ನನ್ನ ಕೆಲಸದ ಒಂದು ಭಾಗವೇ ಆಗಿತ್ತು. ಬೆಳಗಾವಿಯಲ್ಲಿ ಬಹಳ ವರ್ಷ ದೈಹಿಕ ಶಿಕ್ಷಣ ಕಲಿಸಿದ ಮೇಲೆ ಕ್ರೀಡಾ ಮನಶ್ಶಾಸ್ತ್ರ ಓದಿಕೊಂಡು, ಆಟಗಾರರಿಗೆ ಏಕಾಗ್ರತೆಯ ತರಬೇತಿ ಕೊಡುತ್ತಿದ್ದೆ. ಅವರು ಬಂದು ಬೆರಗಿನಿಂದ ಏನೇನೋ ಹೇಳುತ್ತಿದ್ದರು. ಒಬ್ಬನಿಗೆ ಚೆಂಡು ಕುಂಬಳಕಾಯಿಯಷ್ಟು ದೊಡ್ಡದಾಗಿ ಕಂಡಿತಂತೆ. ಇನ್ನೊಬ್ಬಳಿಗೆ ಓಟದ ಕೊನೆಯಲ್ಲಿ ಜನರ ಕೂಗು ಪೂರ್ತಿ ಇಲ್ಲವಾಯಿತಂತೆ. ಗಮನವೆಂದರೆ ಕಾಲುವೆಯ ನೀರು, ಒಂದು ಮಡಿಗೆ ತಿರುಗಿಸಿದರೆ ಉಳಿದ ಮಡಿಗಳು ಒಣಗುತ್ತವೆ, ಇದರಲ್ಲಿ ಪವಾಡವೇನೂ ಇಲ್ಲ ಎಂದು ಅವರಿಗೆ ತಿಳಿಸಿ ಹೇಳುತ್ತಿದ್ದೆ. ಈ ಮಾತು ಈಗಲೂ ಸರಿಯೆಂದೇ ನನಗೆ ಅನ್ನಿಸುತ್ತದೆ. ಆ ಸಂಜೆಯ ಮಟ್ಟಿಗೆ ಮಾತ್ರ ಅದು ಸಾಲುವುದಿಲ್ಲ.

ಅಕ್ಷತಾಳನ್ನು ನನ್ನ ಹತ್ತಿರ ಕರೆತಂದವರು ಅನಗೋಳದ ಒಂದು ತಾಲೀಮಿನ ವಸ್ತಾದರು, ಎಂದರೆ ಗರಡಿಮನೆಯ ಕುಸ್ತಿ ಗುರುಗಳು. ಹುಡುಗಿ ಗುಂಜಿಯವಳು. ಅಜ್ಜ ಕುರಿ ಕಾಯುತ್ತಿದ್ದರು, ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅನಗೋಳದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕುಸ್ತಿ ಕಲಿಯುತ್ತಿದ್ದಳು. ಮೈಯಲ್ಲಿ ಬೇಕಾದಷ್ಟು ಬಲವಿತ್ತು, ಡಾವುಗಳೂ, ಎಂದರೆ ಕುಸ್ತಿಯ ಪಟ್ಟುಗಳೂ, ಬರುತ್ತಿದ್ದವು. ಆದರೆ ಮೈದಾನಕ್ಕೆ ಇಳಿದರೆ ಸೋಲುತ್ತಿದ್ದಳು. ಗುಂಪಿನಲ್ಲಿ ಯಾರೋ ಹೆಸರು ಕೂಗಿದರೆ ಅವಳ ಕಣ್ಣು ಅತ್ತ ಹೋಗುತ್ತಿತ್ತು. ಎದುರಾಳಿಗೆ ಅಷ್ಟೇ ಸಾಕಾಗುತ್ತಿತ್ತು.

"ಸರ್ರ, ಈಕಿ ಕೈಯಾಗ ಹುಲಿ ಐತಿ, ತಲಿಯಾಗ ಶನಿವಾರ ಸಂತಿ ಐತಿ," ಎಂದರು ವಸ್ತಾದರು ಮೊದಲ ದಿನ.

"ಆ ಸಂತ್ಯಾಗ ಎಲ್ಲಾರಕ್ಕಿಂತ ಜೋರ ಒದರಾವ್ರು ನೀವ ಅದೀರಿ, ವಸ್ತಾದರ," ಎಂದಳು ಅಕ್ಷತಾ. ವಸ್ತಾದರು ಕೈ ಎತ್ತಿದರು. ಅವಳು ನಗುತ್ತಾ ನನ್ನ ಹಿಂದೆ ಸರಿದಳು.

ನಗುವಿನ ಹಿಂದೆ ಆತಂಕವಿತ್ತು. ಕ್ರೀಡಾ ವಸತಿನಿಲಯದ ಆಯ್ಕೆಗೆ ಅವಳಿಗೆ ಅದೇ ಕೊನೆಯ ವರ್ಷ. ಅದು ದಾಟಿದರೆ ವಯಸ್ಸು ಮೀರುತ್ತಿತ್ತು. ಆ ಹಂಗಾಮಿನ ಕುಸ್ತಿಗಳನ್ನು ನೋಡಿಯೇ ಆಯ್ಕೆ ಮಾಡುವವರು ನಿರ್ಧರಿಸುವವರಿದ್ದರು. ಕುಸ್ತಿ ಬಿಟ್ಟರೆ ತನಗೆ ಬೇರೇನೂ ಬೇಡ ಎಂದು ಅವಳು ನನ್ನೆದುರು ಒಮ್ಮೆ ಮಾತ್ರ ಹೇಳಿದ್ದಳು, ಆಗ ನಗಲಿಲ್ಲ.

ನಮ್ಮ ಕಡೆ ಮಣ್ಣಿನ ಕುಸ್ತಿಯ ಉದ್ದಕ್ಕೂ ಹಲಗಿ ಬಾರಿಸುತ್ತಾರೆ. ಕುಸ್ತಿ ಬಿರುಸಾದಂತೆ ಪೆಟ್ಟೂ ಬಿರುಸಾಗುತ್ತದೆ. ತೀರ್ಪು ಕೊಡುವ ಪಂಚರು ಕೈ ಎತ್ತಿದರೆ ನಿಲ್ಲುತ್ತದೆ. ಅನಗೋಳದ ಆ ತಾಲೀಮಿನಲ್ಲಿ ಹಳೆಯದೊಂದು ಕಟ್ಟಳೆಯಿತ್ತು: ಹಲಗಿ ನಿಂತ ಗಳಿಗೆಗೆ, ಎಂಥ ಹಿಡಿತವಿರಲಿ, ಕೈ ಬಿಡಬೇಕು. ಬಿಡದವರಿಗೆ ಅಂದು ಊಟಕ್ಕೆ ಹೋಗುವ ತನಕ ಬೈಠಕ್. ಅಕ್ಷತಾಳ ಮನಸ್ಸನ್ನು ಕಟ್ಟಲು ನನಗೆ ಒಂದು ಗೂಟ ಬೇಕಾಗಿತ್ತು. ಈ ಕಟ್ಟಳೆ ಅವಳ ಮೈಗೆ ಮೊದಲೇ ಗೊತ್ತಿದ್ದುದರಿಂದ ನಾನು ಹಲಗಿಯನ್ನೇ ಆರಿಸಿಕೊಂಡೆ. ಗದ್ದಲ ಕೇಳಿದರೆ ಅದರ ಜೊತೆ ಜಗಳಾಡಬೇಡ, ಹಲಗಿಯ ಪೆಟ್ಟಿಗೆ ಮರಳಿ ಬಾ ಎಂದು ಹೇಳಿಕೊಟ್ಟೆ. ಭಾನುವಾರ ಭಾನುವಾರ ಯಲ್ಲಪ್ಪ ಗುಂಜಿಯಿಂದ ಬಂದು ಬಾರಿಸುತ್ತಿದ್ದ. ಉಳಿದವರೆಲ್ಲ ಸುತ್ತ ನಿಂತು ಅವಳ ಹೆಸರು ಹಿಡಿದು ಅರಚುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಬೇರೆಯೇ ಆಗಿದ್ದಳು. ಕಿವಿಯ ಹತ್ತಿರ ಕೂಗಿದರೂ ಕಣ್ಣು ಕದಲುತ್ತಿರಲಿಲ್ಲ. ಹಲಗಿ ನಿಂತರೆ ಮಾತ್ರ ಕೈ ತಾನೇ ಸಡಿಲವಾಗುತ್ತಿತ್ತು. ಒಮ್ಮೆ ಅವಳು ಚಹಾ ಕುಡಿಯುತ್ತಿದ್ದಾಗ ಯಲ್ಲಪ್ಪ ತಮಾಷೆಗೆ ಸ್ವಲ್ಪ ಬಾರಿಸಿ ಥಟ್ಟನೆ ನಿಲ್ಲಿಸಿದ. ಕಪ್ ಅವಳ ಬೆರಳಿನಿಂದ ಜಾರಿ ಬಿತ್ತು.

"ಯಲ್ಲಪ್ಪ ಕಾಕಾ, ಇನ್ನೊಮ್ಮಿ ಹಿಂಗ ಮಾಡಿದ್ರ ನಿನ್ನ ಇಲ್ಲೇ ಚಿತ್ ಒಗೀತೇನಿ ನೋಡ!"

"ಒಗಿಯವ್ವಾ. ಹಲಗಿ ಯಾರ ಬಾರಸ್ತಾರ ಆಗ?" ಎಂದ ಯಲ್ಲಪ್ಪ. ಎಲ್ಲರೂ ನಕ್ಕೆವು.

ಆ ಸಂಜೆ ಅವಳಿಗೆ ಜೋಡಿಯಾಗಿ ಬಂದವಳು ಜಾಂಬೋಟಿ ಕಡೆಯ ಸಂಗೀತಾ. ಅಕ್ಷತಾಳಿಗಿಂತ ಎತ್ತರದ, ಗಟ್ಟಿ ಹುಡುಗಿ. ಕುಸ್ತಿಗೆ ಮುಂಚೆ ಯಲ್ಲಪ್ಪ ಒಣಹುಲ್ಲಿನ ಬೆಂಕಿಗೆ ಹಲಗಿಯನ್ನು ಕಾಯಿಸಿಕೊಂಡಿದ್ದ. ಕಾಯಿಸಿದರೆ ಚರ್ಮ ಬಿಗಿದು ನಾದ ಖಣಖಣ ಎನ್ನುತ್ತದೆ. ಆದರೆ ಕುಸ್ತಿ ಬಹಳ ಹೊತ್ತು ನಡೆಯಿತು, ಗದ್ದೆಯ ತಂಪು ಏರತೊಡಗಿತು, ಚರ್ಮ ಸಡಿಲವಾಗಿ ನಾದ ಬದಬದ ಎನ್ನುವುದಕ್ಕೆ ಬಂದಿತ್ತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಈ ಮಂಕು ನಾದದಿಂದ ಅಕ್ಷತಾಳ ಗಮನ ಜಾರೀತೇ ಎಂದು ನಾನು ಚಿಂತಿಸುತ್ತಿದ್ದೆ. ಜಾರಲಿಲ್ಲ. ಅವಳು ಸಂಗೀತಾಳ ತಲೆ ಮತ್ತು ಒಂದು ತೋಳನ್ನು ಸೇರಿಸಿ ಕಂಕುಳಲ್ಲಿ ಹಿಡಿದು ಕೆಳಕ್ಕೆ ಒತ್ತಿದಳು. ಸಂಗೀತಾ ಮೊಣಕಾಲೂರಿದಳು. ಆಮೇಲೆ ತೋಳು ತಪ್ಪಿಸಿಕೊಂಡಿತು, ಹಿಡಿತ ಜಾರಿ ಬರಿಯ ಗಂಟಲಿನ ಮೇಲೆ ಬಂತು. ಇದಕ್ಕೆ ಅನುಮತಿಯಿಲ್ಲ. ಪಂಚರು ತಕ್ಷಣ ಕೈ ಎತ್ತಿದರು.

ಯಲ್ಲಪ್ಪ ನಿಲ್ಲಿಸಿದ. ಅದನ್ನು ನಾನು ನೋಡಿದೆ. ಹಲಗಿಯನ್ನು ಇಳಿಸಿ ಮೊಣಕಾಲಿಗೆ ಆನಿಸಿದ, ಎರಡೂ ಕಡ್ಡಿಗಳನ್ನು ಒಂದೇ ಕೈಗೆ ತೆಗೆದುಕೊಂಡ.

ಹಲಗಿ ನಿಲ್ಲಲಿಲ್ಲ.

ಅದೇ ಗತಿ, ಅದೇ ಪೆಟ್ಟು. ನಾದ ಮಾತ್ರ ಬೇರೆಯಾಗಿತ್ತು. ಈಗಷ್ಟೇ ಬೆಂಕಿಗೆ ಹಿಡಿದು ತಂದ ಹಲಗಿಯಂತೆ ಬಿಗಿಯಾಗಿತ್ತು. ಬೇರೆ ಯಾರೋ ಬಾರಿಸುತ್ತಿದ್ದಾರೆ ಎಂದುಕೊಂಡು ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಸದ್ದು ಹಿಂದಿನಿಂದ ಬರುತ್ತಲೂ ಇರಲಿಲ್ಲ. ಅದು ಕಣದ ಮೇಲೆ ಇತ್ತು ಎಂದಷ್ಟೇ ಹೇಳಬಲ್ಲೆ.

ಜನ ಎದ್ದು ನಿಂತಿದ್ದರು. "ಬಿಡ, ಬಿಡ!" ಎಂದು ಅರ್ಧ ಜನ, "ಸೋಡ, ಸೋಡ!" ಎಂದು ಮರಾಠಿಯಲ್ಲಿ ಉಳಿದರ್ಧ. ಪಂಚರು ಅಕ್ಷತಾಳ ತೋಳು ಹಿಡಿದು ಎಳೆಯುತ್ತಿದ್ದರು, ಅದು ಕದಲಲಿಲ್ಲ. ವಸ್ತಾದರು ಹಗ್ಗ ಹಾರಿ ಒಳಗೆ ಓಡಿದರು. "ಅಕ್ಷೀ, ಹಲಗಿ ನಿಂತೈತಿ ಬಿಡವ್ವಾ! ಹಲಗಿ ನಿಂತೈತಿ!" ಎಂದು ಅವಳ ಮುಖದ ಹತ್ತಿರ ಕೂಗಿದರು. ಅವಳ ಕಣ್ಣುಗಳು ತೆರೆದೇ ಇದ್ದವು. ಸಿಟ್ಟಿರಲಿಲ್ಲ, ಹಟವಿರಲಿಲ್ಲ. ಭಾನುವಾರಗಳಂದು ನಾನು ನೋಡಿ ಸಂತೋಷಪಡುತ್ತಿದ್ದ ಅದೇ ಶಾಂತ ಮುಖ. ಅವಳ ಕೆಳಗೆ ಸಂಗೀತಾಳ ಕಾಲು ಮಣ್ಣನ್ನು ಕೆರೆಯುತ್ತಿತ್ತು. ಆ ಕೆರೆತ ನಿಧಾನವಾಗುತ್ತಿತ್ತು. ತುಟಿಯ ಬಣ್ಣ ಬದಲಾಗಿತ್ತು. ನಾನು ಹಗ್ಗ ದಾಟಲು ಹೊರಟೆ.

ಆಗ ಯಲ್ಲಪ್ಪ ನನ್ನ ತೋಳು ಹಿಡಿದ. ಅವನು ತನ್ನ ಕೈಯಲ್ಲಿದ್ದ ಕಡ್ಡಿಗಳನ್ನು ನೋಡುತ್ತಿದ್ದ.

"ಸರ್ರ, ಯಾರ್ ಬಾರಸಾಕತ್ತಾರ್ರೀ?"

ಅವನು ಹಲಗಿಯನ್ನು ಎತ್ತಿಕೊಂಡ. ಒಂದು ಕ್ಷಣ ತಲೆ ಓರೆ ಮಾಡಿ ಆಲಿಸಿದ. ಆಮೇಲೆ ಆ ಪೆಟ್ಟಿನೊಳಕ್ಕೆ ತನ್ನ ಪೆಟ್ಟನ್ನು ಸೇರಿಸಿದ. ಬಿಗಿಯಾದ ನಾದ ಮತ್ತು ಅವನ ಮಂಕು ನಾದ, ಎರಡೂ ಒಟ್ಟಿಗೆ ಕೇಳಿದವು. ಜನರೆಲ್ಲ ಅವನ ಕಡೆ ತಿರುಗಿದರು. "ಏ ಯಲ್ಲ್ಯಾ, ಹುಚ್ಚ ಹಿಡದೈತೇನಲೇ? ಹುಡಿಗಿ ಸಾಯಾಕತ್ತಾಳ, ಬಾರಸ್ತಿಯಲ್ಲೋ!" ಎಂದು ಯಾರೋ ಬೈದರು, ಯಾರೋ ಚಪ್ಪಲಿ ಎಸೆದರು. ಅವನು ಯಾರ ಕಡೆಗೂ ನೋಡಲಿಲ್ಲ. ಕುಸ್ತಿ ಮುಗಿದಾಗ ಬಾರಿಸುವ ಮುಕ್ತಾಯದ ಪೆಟ್ಟುಗಳನ್ನು ಬಾರಿಸಿದ. ಅಂಗೈಯನ್ನು ಚರ್ಮದ ಮೇಲೆ ಒತ್ತಿ ನಿಲ್ಲಿಸಿದ.

ಎರಡೂ ನಿಂತವು. ಅಕ್ಷತಾಳ ಕೈ ಬಿಚ್ಚಿತು. ಸಂಗೀತಾ ಮಣ್ಣಿನ ಮೇಲೆ ಹೊರಳಿ, ಇಡೀ ಗದ್ದೆಗೆ ಕೇಳುವಂತೆ ಉಸಿರೆಳೆದುಕೊಂಡಳು.

ಸಂಗೀತಾಳನ್ನು ಖಾನಾಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಮೂರು ಜನ ಪಂಚರು ಪಕ್ಕದ ಶಾಲೆಯ ಕಟ್ಟೆಯ ಮೇಲೆ ಕೂತು ಅಕ್ಷತಾಳನ್ನು ವಿಚಾರಿಸಿದರು. ಬೇಕಂತಲೇ ಬಿಡಲಿಲ್ಲ ಎಂದು ತೀರ್ಮಾನವಾದರೆ ಅವಳ ಮೇಲೆ ಆಯ್ಕೆಯವರಿಗೆ ದೂರು ಹೋಗುತ್ತಿತ್ತು. ಹೋದರೆ ಅವಳ ಕುಸ್ತಿ ಅಲ್ಲಿಗೇ ಮುಗಿಯುತ್ತಿತ್ತು.

"ಹಲಗಿ ನಿಂತಿದ್ದಿಲ್ಲರೀ," ಎಂದಳು ಅವಳು. "ನಿಂತ ಕೂಡ್ಲೆ ಬಿಟ್ಟೇನಿ. ಯಲ್ಲಪ್ಪ ಕಾಕಾನ್ನ ಕೇಳ್ರಿ." ಯಲ್ಲಪ್ಪ ಅಲ್ಲಿರಲಿಲ್ಲ, ಆಗಲೇ ಬಸ್ ನಿಲ್ದಾಣಕ್ಕೆ ಹೋಗಿಬಿಟ್ಟಿದ್ದ.

ನಾನು ಕಲಿತ ವಿದ್ಯೆಯಲ್ಲಿ ಇದಕ್ಕೆ ಒಳ್ಳೆಯ ವಿವರಣೆಯಿತ್ತು. ತಿಂಗಳುಗಟ್ಟಲೆ ಒಂದೇ ಸದ್ದಿಗೆ ಗಮನ ಕಟ್ಟಿದವರಿಗೆ ಸದ್ದು ನಿಂತ ಮೇಲೂ ಅದು ಮುಂದುವರಿದಂತೆ ಕೇಳಬಹುದು, ಇದು ಅವಳ ತಪ್ಪಲ್ಲ ಎಂದು ಪಂಚರಿಗೆ ವಿವರಿಸಿದೆ. ಅವರು ತಲೆದೂಗಿದರು. ಆಮೇಲೆ, ಹೇಳದೆ ಇರುವುದು ಸರಿಯಲ್ಲವೆನ್ನಿಸಿ, ನನಗೂ ಕೇಳಿತು ಎಂದೆ.

ಹಿರಿಯ ಪಂಚರು ನನ್ನ ಮುಖವನ್ನೇ ನೋಡಿದರು. "ಸರ, ಮೊದಲ ಹೇಳಿದ್ದು ಛಲೋ ಇತ್ತು. ಹುಡಿಗೀನ ಉಳಸಾಕ ಇಷ್ಟ ಖೊಟ್ಟಿ ಹೇಳಬ್ಯಾಡ್ರಿ."

ಅಷ್ಟರಲ್ಲಿ ಸಂಗೀತಾ ಜೀಪಿನಲ್ಲಿ ಹಿಂದಿರುಗಿದಳು. ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿತ್ತು. ಪಂಚರು ಅವಳನ್ನು ಕೂಡಿಸಿ, ಉಸಿರು ಕಟ್ಟಿದಾಗ ಯಾಕೆ ಸೋಲೊಪ್ಪಿ ನೆಲ ಬಡಿಯಲಿಲ್ಲ, ಒಂದು ಕೈ ಖಾಲಿ ಇತ್ತಲ್ಲ ಎಂದು ಕೇಳಿದರು. ಅವಳ ದನಿ ಒಡೆದಿತ್ತು, ಪಿಸುಮಾತಿನಲ್ಲಿ ಹೇಳಿದಳು:

"ಹಲಗಿ ನಿಂದ್ರೂದು ಕಾಯಾಕತ್ತಿದ್ದೆ ರೀ. ನಿಂತ್ರ ಈಕಿ ಬಿಡ್ತಾಳ ಅಂತ ಎಲ್ಲಾರಿಗೂ ಗೊತ್ತೈತಿ. ನಿಂದ್ರವಲ್ತು... ಪಂಚರ ಕೈ ಕಾಣಾಕತ್ತಿತ್ತು ನನಗ. ಕೈ ಮ್ಯಾಲೈತಿ, ಹಲಗಿ ಯಾಕ ನಿಂದ್ರವಲ್ತು ಅಂತ ಅನಸ್ತು."

ಅಕ್ಷತಾ ಹೋಗಿ ಅವಳ ಕಾಲ ಹತ್ತಿರ ಕೂತು ಅಳತೊಡಗಿದಳು. ಸಂಗೀತಾ ಅವಳ ಕೂದಲಿಗೆ ಹತ್ತಿದ್ದ ಕೆಂಪು ಮಣ್ಣನ್ನು ಉದುರಿಸುತ್ತಾ, "ಏಳ, ಹುಚ್ಚಿ," ಎಂದಳು. ಪಂಚರು ದೂರು ಬರೆಯಲಿಲ್ಲ.

ಮುಂದಿನ ವಾರ ನಾನು ಅಲ್ಲಿಗೆ ಮತ್ತೆ ಹೋದೆ. ಆ ಸಂಜೆ ಹತ್ತಿರದಲ್ಲಿ ಎಲ್ಲಿಯೂ ಮದುವೆಯಾಗಲಿ ಮೆರವಣಿಗೆಯಾಗಲಿ ಇರಲಿಲ್ಲ. ಪ್ರತಿಧ್ವನಿ ಇರಬಹುದೆಂದು ಯಲ್ಲಪ್ಪನಿಗೆ ಅದೇ ಜಾಗದಲ್ಲಿ ಬಾರಿಸಿ ನಿಲ್ಲಿಸಲು ಹೇಳಿದೆ. ಸದ್ದು ಬಯಲಿನಲ್ಲಿ ಹರಡಿ ಹೋಯಿತು, ಮರಳಲಿಲ್ಲ. ಒಬ್ಬರು ಮೊಬೈಲಿನಲ್ಲಿ ಕುಸ್ತಿಯನ್ನು ತೆಗೆದಿದ್ದರು, ಅದನ್ನೂ ನೋಡಿದೆ. ಪಂಚರ ಕೈ ಏಳುತ್ತದೆ, ಹಲಗಿ ನಿಲ್ಲುತ್ತದೆ, ಆಮೇಲೆ ಯಲ್ಲಪ್ಪ ಮತ್ತೆ ಬಾರಿಸುವ ತನಕ ಬರೀ ಜನರ ಕೂಗು.

ನಾವೆಲ್ಲ ಒಂದೇ ಸದ್ದಿಗೆ ಅಷ್ಟು ಗಾಢವಾಗಿ ಮನಸ್ಸು ಕೊಟ್ಟಿದ್ದರಿಂದ ಹೀಗಾಯಿತು ಎಂದು ಕೆಲವು ದಿನ ಸಮಾಧಾನ ಹೇಳಿಕೊಂಡೆ. ಅಕ್ಷತಾಳಿಗೆ, ಸಂಗೀತಾಳಿಗೆ, ನನಗೆ ಅದು ಹೊಂದುತ್ತದೆ. ಯಲ್ಲಪ್ಪನಿಗೆ ಹೊಂದುವುದಿಲ್ಲ. ಅವನ ಹೆಂಡತಿ ತವರಿನಿಂದ ಬಸ್ಸಿನಲ್ಲಿ ಬರುವವಳಿದ್ದಳು. ಕುಸ್ತಿಯ ಉದ್ದಕ್ಕೂ ಅವನ ಕೈ ಹಲಗಿಯ ಮೇಲೆ, ಮನಸ್ಸು ರಸ್ತೆಯ ಮೇಲೆ ಇತ್ತೆಂದು ಅವನೇ ಹೇಳಿದ. ವಸ್ತಾದರಿಗಿಂತ ಹೆಚ್ಚು ಗಮನವಿಟ್ಟು ಆ ಕುಸ್ತಿ ನೋಡಿದವರು ಯಾರೂ ಇರಲಿಲ್ಲ, ಅವರಿಗೆ ಏನೂ ಕೇಳಿಸಿರಲಿಲ್ಲ. ನನ್ನ ಬಳಿ ಬೇರೆ ವಿವರಣೆಯಿಲ್ಲ. ಈಗಲೂ ಏಕಾಗ್ರತೆ ಕಲಿಸುತ್ತೇನೆ, ಆದರೆ ಯಾರ ಮನಸ್ಸನ್ನೂ ಸದ್ದಿಗೆ ಕಟ್ಟುವುದಿಲ್ಲ.

ವಸ್ತಾದರು ತೀರಿಕೊಂಡರು. ಕೈ ಎತ್ತಿದ ಪಂಚರೂ ಇಲ್ಲ. ಕೇಳಿದವರು ನಾಲ್ವರೂ ಇದ್ದೇವೆ. ಅಕ್ಷತಾ ಆ ವರ್ಷವೇ ವಸತಿನಿಲಯಕ್ಕೆ ಆಯ್ಕೆಯಾದಳು, ಈಗ ಮ್ಯಾಟಿನ ಮೇಲೆ, ಹಲಗಿಯಿಲ್ಲದೆ ಸೀಟಿ ಊದಿ ನಡೆಸುವ ಕುಸ್ತಿ ಆಡುತ್ತಾಳೆ, ಮಣ್ಣಿಗೆ ಇಳಿದಿಲ್ಲ. ಸಂಗೀತಾ ಮದುವೆಯಾಗಿ ಜಾಂಬೋಟಿಯಲ್ಲೇ ಇದ್ದಾಳೆ, ದನಿ ಇನ್ನೂ ಸ್ವಲ್ಪ ಒಡಕು. ಯಲ್ಲಪ್ಪ ಗುಂಜಿಯಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಸಿಕ್ಕಾಗ, ಅಂದು ನೀನು ನಿಲ್ಲಿಸದಿದ್ದರೆ ಆ ಹುಡುಗಿ ಉಳಿಯುತ್ತಿರಲಿಲ್ಲ ಎಂದೆ.

"ನಾ ನಿಲ್ಲಿಸಿದ್ದು ನನ್ನ ಹಲಗಿ ಅಷ್ಟ ರೀ, ಸರ್ರ," ಎಂದ. "ಅದನ್ನ ನಿಲ್ಲಿಸಿದವ್ರು ಯಾರೋ ಏನೋ."