ಹಿಪ್ಪುನೇರಳೆ ಕಿತ್ತ ಊರಿನಿಂದ ಬಂದವರು

೧೯೯೪ರ ಬೇಸಿಗೆ. ನಾನು ಬೂದಿಗೆರೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಹೊಸದಾಗಿ ಬಂದಿದ್ದ ಬಿಳಿ ಗೂಡಿನ ರೇಷ್ಮೆ ತಳಿಯನ್ನು ಬೆಳೆದೇ ತೀರುತ್ತೇನೆಂದು ಹಟ ಹಿಡಿದು ಮೊಟ್ಟೆ ತರಿಸಿದ್ದೆ. ಅತ್ತೆಗೆ ದ್ರಾಕ್ಷಿ ಬೆಳೆಯುವ ಆಸೆ. "ಈ ಬೆಳೆ ಕೆಟ್ರೆ ಹಿಪ್ಪುನೇರಳೆ ತೋಟ ಕೀಳಿಸ್ಬಿಡ್ತೀನಿ, ನೋಡ್ಕೋ" ಎಂದಿದ್ದರು. ನಾನು ಹೆದರಲಿಲ್ಲ. ಹುಳ ಸಾಕುವುದು ತವರಿನಲ್ಲೇ ಕಲಿತ ಕೆಲಸ.

ಹುಳ ಕೊನೆಯ ಪೊರೆ ಬಿಟ್ಟು ಗಬಗಬ ಸೊಪ್ಪು ತಿನ್ನುವ ಹೊತ್ತಿಗೆ, ರೇಷ್ಮೆ ಇಲಾಖೆಯ ಸಾಹೇಬರು ಜಪಾನಿನ ತಜ್ಞರೊಬ್ಬರನ್ನು ಕರೆತರುವುದಾಗಿ ಹೇಳಿಕಳಿಸಿದರು. ಅಂದು ನಾನು ಸೊಪ್ಪು ಕೊಯ್ದು ಬರುವಷ್ಟರಲ್ಲಿ ಅವರಿಬ್ಬರೂ ಅಂಗಳದಲ್ಲಿದ್ದರು. ಜಪಾನಿನವರು ಅರವತ್ತರ ಆಸುಪಾಸಿನ ಮನುಷ್ಯ. ಯಾರೂ ಹೇಳದೆಯೇ ಕಾಲು ತೊಳೆದುಕೊಂಡು ನಿಂತರು.

ಹುಳದ ಮನೆಯ ಬಾಗಿಲು ತೆಗೆದರೆ ಒಳಗೆಲ್ಲ ಸಾಂಬ್ರಾಣಿ ಹೊಗೆ! ಹುಳಗಳು ಸೊಪ್ಪು ಬಿಟ್ಟು ತಲೆಯೆತ್ತಿ ಒದ್ದಾಡುತ್ತಿದ್ದವು. "ಅಯ್ಯೋ ನನ್ನ ಕರ್ಮವೇ!" ಎಂದು ಕೂಗಿಬಿಟ್ಟೆ. ಜಪಾನಿನವರು ಕಿಟಕಿಗಳನ್ನು ತೆರೆದು, ತಟ್ಟೆಗಳನ್ನು ಹೊತ್ತು ಹೊಂಗೆ ಮರದ ನೆರಳಿಗೆ ಸಾಗಿಸತೊಡಗಿದರು. ನಾವೂ, ಕೂಗು ಕೇಳಿ ಓಡಿಬಂದ ಊರವರೂ ಕೈಜೋಡಿಸಿದೆವು. ಆದರೂ ಮೂಲೆಯ ನಾಲ್ಕು ತಟ್ಟೆ ಹುಳ ಉಳಿಯಲಿಲ್ಲ.

"ನೋಡಿದ್ಯಾ ನಿನ್ನ ಬಿಳಿ ಗೂಡು? ನಾಳೆನೇ ತೋಟ ಕೀಳೋದು" ಎಂದರು ಅತ್ತೆ.

"ಹೊಗೆ ಹಾಕಿದ್ದು ಯಾರು ಅಂತ ಮೊದ್ಲು ಹೇಳಿ ಅತ್ತೆಮ್ಮ!" ನಾನೂ ಬಿಡಲಿಲ್ಲ. ಅತ್ತೆ ಮುಖ ತಿರುಗಿಸಿ ಬಂದವರಿಗೆ ಮಜ್ಜಿಗೆ ತಂದುಕೊಟ್ಟರು.

ಜಗಳ ಏನೆಂದು ಸಾಹೇಬರಿಂದ ತಿಳಿದುಕೊಂಡ ಆ ಹಿರಿಯರು, ಮಜ್ಜಿಗೆ ಲೋಟ ಕೆಳಗಿಟ್ಟು ತಮ್ಮೂರಿನ ಕಥೆ ಹೇಳತೊಡಗಿದರು. ಸಾಹೇಬರು ಕನ್ನಡದಲ್ಲಿ ಹೇಳುತ್ತಾ ಹೋದರು. ಗುಡ್ಡಗಳ ನಡುವೆ ಪುಟ್ಟ ಊರು, ಹೆಸರು ಕುವಾದಾನಿ. ಹಾಗೆಂದರೆ ಹಿಪ್ಪುನೇರಳೆ ಕಣಿವೆಯಂತೆ. ಮನೆಮನೆಯ ಅಟ್ಟದ ತುಂಬ ಹುಳ, ಜನ ಕೆಳಗೆ ಮುದುಡಿ ಮಲಗುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಹೊಟ್ಟೆಪಾಡಿಗೆ ತೋಟ ಕಿತ್ತು ಗೆಣಸು ಹಾಕಿದರು, ಆಮೇಲೆ ಮತ್ತೆ ನೆಟ್ಟರು. ನೈಲಾನ್ ಬಂದು ರೇಷ್ಮೆಯ ಬೆಲೆ ಬಿದ್ದ ಕಾಲದಲ್ಲಿ, ಒಂದು ಬೆಳೆ ಕೆಟ್ಟಿತೆಂದು ಅವರ ತಂದೆಯೇ ಮೊದಲು ತೋಟ ಕಿತ್ತರು. ಅವರನ್ನು ನೋಡಿ ಉಳಿದವರೂ ಕಿತ್ತರು. ನೂಲು ತೆಗೆಯುವ ಕಾರ್ಖಾನೆ ಮುಚ್ಚಿತು, ಶಾಲೆ ಮುಚ್ಚಿತು. ಕೊನೆಗೆ ಊರನ್ನು ಪಕ್ಕದ ನಗರಕ್ಕೆ ಸೇರಿಸಿ ಹೆಸರನ್ನೇ ತೆಗೆದುಹಾಕಿದರು.

"ನಿಮ್ಮಪ್ಪನ ಬೆಳೆ ಕೆಟ್ಟಿದ್ದು ಯಾತಕ್ಕಪ್ಪಾ?" ಅತ್ತೆ ಕೇಳಿದರು.

"ಹುಳ ಬೆಚ್ಚಗಿರಲೆಂದು ಅಟ್ಟದಲ್ಲಿ ನಾನೇ ಕೆಂಡ ಇಟ್ಟಿದ್ದೆ. ಹೊಗೆ ತುಂಬಿಕೊಂಡಿತು. ಅಪ್ಪ ಸಾಯುವವರೆಗೂ ಅವರಿಗೆ ಅದನ್ನು ಹೇಳಲಿಲ್ಲ" ಎಂದರು ಅವರು.

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ಊರವರ ಎದುರೇ ನನ್ನ ಕಡೆ ತಿರುಗಿ, "ಧೂಪ ಹಾಕಿದ್ದು ನಾನೇ ಕಣಮ್ಮ. ಪರದೇಶದೋರ ಕಣ್ಣು ಬೀಳ್ತದೆ ಅಂತ ಹಾಕ್ಬಿಟ್ಟೆ. ತೋಟ ಕೀಳೋದು ಬ್ಯಾಡ" ಎಂದರು.

ಉಳಿದ ಹುಳ ಚೆನ್ನಾಗಿ ಗೂಡು ಕಟ್ಟಿದವು. ಅತ್ತೆಯೊಂದಿಗೆ ಆಮೇಲೂ ನೂರೆಂಟು ಜಗಳ ಆಡಿದ್ದೇನೆ, ಗೆದ್ದೂ ಇದ್ದೇನೆ. ಆದರೆ ಊರವರ ಮುಂದೆ ಸೊಸೆಗೆ "ತಪ್ಪು ನನ್ನದು" ಅನ್ನುವ ಅತ್ತೆಯ ಧೈರ್ಯ ನನಗಿನ್ನೂ ಬಂದಿಲ್ಲ. ಅಪ್ಪನಿಗೆ ಹೇಳಲಾಗದ್ದನ್ನು ಆ ಮನುಷ್ಯ ನಮ್ಮತ್ತೆಗೆ ಹೇಳಿದರು. ನಮ್ಮ ತೋಟ ಉಳಿದದ್ದು ಅದರಿಂದಲೇ.